ಬರೀ ತೊಟ್ಟಿಲು ತೂಗಿದವಳು

ಮಕ್ಕಳೆಷ್ಟು ಎಂದು ಯಾರಾದರೂ ಕೇಳಿದರೆ ನಾನು ಇಬ್ಬರು ಎನ್ನುತ್ತೇನೆ. ಪಕ್ಕದಲ್ಲಿ ನೆಂಟರು ಕೂತಿದ್ದರೆ ಒಬ್ಬರು ಕೆಮ್ಮುತ್ತಾರೆ, ಇನ್ನೊಬ್ಬರು ಕಾಫಿ ಲೋಟದೊಳಕ್ಕೆ ಇಣುಕುತ್ತಾರೆ. ಯಾರೋ ಒಬ್ಬ ಧೈರ್ಯಸ್ಥೆ ಮಾತ್ರ, "ಒಂದೇ ಎಣ್ಣು, ಇವ್ಳು ಸುಮ್ಕೆ ಏಳ್ತಾಳೆ" ಎಂದು ತಿದ್ದುತ್ತಾಳೆ. ನಾನು ಮತ್ತೆ ಇಬ್ಬರು ಎನ್ನುತ್ತೇನೆ. ಇಷ್ಟು ವರ್ಷವಾದರೂ ಅವರಿಗೆ ತಿದ್ದಿ ಸಾಕಾಗಿಲ್ಲ, ನನಗೆ ಹೇಳಿ ಸಾಕಾಗಿಲ್ಲ.

ನಾನು ಟಿ. ನರಸೀಪುರದ ಗುಜರಿ ಅಂಗಡಿಯವನ ಮಗಳು. ಅಂಗಡಿಯ ಹಿಂದೆಯೇ ನಮ್ಮ ಮನೆ. ಸೈಕಲ್ಲಿನಲ್ಲಿ ಊರೂರು ಸುತ್ತುವವರು ಸಂಜೆ ಹೊತ್ತಿಗೆ ಮೂಟೆ ತಂದು ಸುರಿದರೆ ಅಪ್ಪ ಕುಕ್ಕರಗಾಲಿನಲ್ಲಿ ಕೂತು ಕಬ್ಬಿಣ ಬೇರೆ, ತಗಡು ಬೇರೆ, ಹಿತ್ತಾಳೆ ಬೇರೆ ಮಾಡುತ್ತಿದ್ದ. ಕೈ ಆಡುತ್ತಿದ್ದಂತೆ ಬಾಯಿಯೂ ಆಡುತ್ತಿತ್ತು. ಅಲ್ಯೂಮಿನಿಯಂ ಊರುಗೋಲಿನ ಜೊತೆ ಒಂದು ಕನ್ನಡಕದ ಫ್ರೇಮು ಬಂದರೆ, ಯಾವ ಊರಿನ ಮೂಟೆ ಎಂದು ಕೇಳಿಕೊಂಡು, "ಅಯ್ಯೋ, ಆ ಅಟ್ಟಿ ಮುದ್ಕ ಓಗ್ಬುಟ್ನಲ್ಲ" ಎನ್ನುತ್ತಿದ್ದ. ಒಂದೇ ಮನೆಯಿಂದ ದೊಡ್ಡ ದೊಡ್ಡ ಪಾತ್ರೆಗಳು ಬಂದರೆ ಅಣ್ಣತಮ್ಮಂದಿರು ಪಾಲಾದರು ಎಂದು ನಮಗೆಲ್ಲ ಗೊತ್ತಾಗುತ್ತಿತ್ತು. ಜನ ಮರೆಯಬೇಕೆಂದು ಹೊರಗೆ ಹಾಕಿದ್ದೆಲ್ಲ ನಮ್ಮ ಅಂಗಳಕ್ಕೆ ಬಂದು ಬೀಳುತ್ತಿತ್ತು. ನಾನು ಆಡಿದ್ದು ಅದರ ಮೇಲೆ, ಬಿದ್ದು ಮೊಣಕಾಲು ತರಚಿಕೊಂಡದ್ದೂ ಅದರ ಮೇಲೆ.

ಆಟದ ಸಾಮಾನು ಕೊಡಿಸು ಎಂದು ಅತ್ತರೆ ಅಪ್ಪ ಆ ರಾಶಿಯನ್ನೇ ತೋರಿಸುತ್ತಿದ್ದ. ಹಾಗಾಗಿ ನನ್ನ ಕೈ ಅದರಲ್ಲೇ ಪಳಗಿತು. ಎಣ್ಣೆ ಡಬ್ಬದ ತಗಡನ್ನು ಕತ್ತರಿಸಿ ರೆಕ್ಕೆ ಮಾಡಿ, ಛತ್ರಿ ಕಡ್ಡಿಗೆ ಸಿಕ್ಕಿಸಿ, ಅದು ಸುತ್ತಿದಾಗಲೆಲ್ಲ ಒಂದು ಹಳೇ ಸೌಟು ಸೈಕಲ್ ಬೆಲ್ಲಿಗೆ ಬಡಿಯುವ ಹಾಗೆ ಒಂದು ಗಿರಗಿಟ್ಲೆ ಕಟ್ಟಿದ್ದೆ. ಅಪ್ಪ ಅದನ್ನು ಅಂಗಡಿಯ ಮಾಡಿನ ಮೇಲೆ ನಿಲ್ಲಿಸಿದ. ನಮ್ಮದು ಗಿರಗಿಟ್ಲೆ ಅಂಗಡಿ ಎಂದೇ ಹೆಸರಾಯಿತು. ಬೋರ್ಡು ಬರೆಸುವುದು ತಪ್ಪಿತು ಎಂದು ಅಪ್ಪನಿಗೆ ಖುಷಿ.

ಮದುವೆಯಾದದ್ದು ತೊಂಬತ್ತರ ದಶಕದ ನಡುವಿನಲ್ಲಿ, ನಂಜನಗೂಡು ತಾಲ್ಲೂಕಿನ ಹೆಡತಲೆಗೆ. ಗಂಡ ತಾಂಡ್ಯದ ಒಂದು ಕಾರ್ಖಾನೆಯಲ್ಲಿ ಶಿಫ್ಟಿನ ಕೆಲಸಗಾರ. ಮನೆಯಲ್ಲಿ ಅವನು ಮತ್ತು ಅವನ ತಾಯಿ, ಇಬ್ಬರೇ. ಅತ್ತೆ ಒಳ್ಳೆಯವರು. ಮುದ್ದೆ ನನಗೆ ಮೊದಲು ಇಟ್ಟು ಆಮೇಲೆ ತಾವು ಉಣ್ಣುತ್ತಿದ್ದರು. ಆದರೆ ಶಾಸ್ತ್ರ ಅಂದರೆ ಶಾಸ್ತ್ರ. ಬರೀ ಬೀಸುವ ಕಲ್ಲು ತಿರುಗಿಸಬಾರದು, ಬರೀ ಕತ್ತರಿ ಆಡಿಸಬಾರದು, ಬರೀ ತೊಟ್ಟಿಲು ತೂಗಬಾರದು. ಕೆಲಸವಿಲ್ಲದೆ ಆಡುವ ಸಾಮಾನು ಕೆಲಸ ಹುಡುಕಿಕೊಂಡು ಹೋಗುತ್ತದೆ, ಮನೆಯವರನ್ನೇ ಹಿಡಿಯುತ್ತದೆ ಎಂದು ಅವರ ನಂಬಿಕೆ. ಗುಜರಿಯಲ್ಲಿ ಬೆಳೆದ ನನಗೆ ಒಳಗೊಳಗೇ ನಗು ಬರುತ್ತಿತ್ತು, ಏಕೆಂದರೆ ನಾನು ಹುಟ್ಟಿದಾಗಿನಿಂದ ಕೆಲಸವಿಲ್ಲದ ಸಾಮಾನುಗಳನ್ನು ಆಡಿಸಿಕೊಂಡೇ ಬಂದವಳು.

ಚೊಚ್ಚಲ ಬಾಣಂತನ ತವರಿನಲ್ಲಿ, ತೊಟ್ಟಿಲೂ ತವರಿನದು. ಗುಜರಿಯವನು ಮಗಳಿಗೆ ಹಳೇ ತೊಟ್ಟಿಲು ಕೊಟ್ಟ ಎಂದು ಯಾರೂ ಆಡಬಾರದು ಎಂದುಕೊಂಡು ಅಪ್ಪ ಆಚಾರಿಗೆ ಹೇಳಿ ಹೊಸ ಮರದಲ್ಲೇ ಮಾಡಿಸಿದ. ಹಿತ್ತಾಳೆ ಬಳೆ, ಬಣ್ಣದ ಗೂಟಗಳು, ಒಳ್ಳೆ ಚೈನು. ಆ ಅಂಗಡಿಯ ಬಾಗಿಲು ದಾಟಿ ಹೊಸದಾಗಿಯೇ ಒಳಗೆ ಬಂದ ವಸ್ತು ಎಂದರೆ ಅದೊಂದೇ ಇರಬೇಕು.

ಹುಟ್ಟಿದ್ದು ಗಂಡು. ನಮ್ಮಲ್ಲಿ ಹೆಸರಿಡುವ ಶಾಸ್ತ್ರ ಆಗುವ ತನಕ ಕೂಸನ್ನು ತೊಟ್ಟಿಲಿಗೆ ಹಾಕುವಂತಿಲ್ಲ. ತೊಟ್ಟಿಲು ತೊಲೆಯಿಂದ ಇಳಿಬಿದ್ದು ಕಾಯುತ್ತಿತ್ತು, ಕೂಸು ಕೆಳಗೆ ಹಳೇ ಸೀರೆಯ ಮೇಲೆ ಮಲಗಿ ಅದರ ಬಣ್ಣದ ಗೂಟಗಳನ್ನು ನೋಡುತ್ತಿತ್ತು. ಆ ವಯಸ್ಸಿನ ಕೂಸಿಗೆ ಕಣ್ಣು ನಿಲ್ಲುವುದಿಲ್ಲ ಎನ್ನುತ್ತಾರೆ. ನೋಡುತ್ತಿತ್ತು, ನನಗೆ ಗೊತ್ತು. ಎದೆ ಹಾಲು ಸಾಲದೆ ಒಳಲೆಯಲ್ಲಿ, ಕೊಕ್ಕಿನಂಥ ಮೂತಿಯ ಪುಟ್ಟ ಹಿತ್ತಾಳೆ ಬಟ್ಟಲಿನಲ್ಲಿ, ಹಾಲು ಹುಯ್ಯುತ್ತಿದ್ದೆ. ಒಂದು ದಿನ ಬೆಳಿಗ್ಗೆ ಒಳಲೆಯ ಹಾಲು ಗಂಟಲಿಗಿಳಿಯದೆ ಕಟವಾಯಿಂದ ಹರಿಯಿತು. ಆಸ್ಪತ್ರೆಗೆ ಓಡಿದೆವು. ಅವರು ಮಾಡುವುದನ್ನೆಲ್ಲ ಮಾಡಿದರು. ಸಂಜೆಗೆ ಅಪ್ಪ ಟವೆಲಿನಲ್ಲಿ ಸುತ್ತಿಕೊಂಡು ಹೊರಟ. ಎಲ್ಲಿಗೆ ಎಂದು ಕೇಳಿದರೆ ಯಾರೂ ಹೇಳಲಿಲ್ಲ. ಹೆತ್ತವಳು ಆ ಜಾಗ ನೋಡಬಾರದಂತೆ. ಹೊಳೆ ಕಡೆಗೆ ಹೋದರು ಎಂದಷ್ಟೇ ನನಗೆ ಗೊತ್ತು.

ಹೆಸರಿಡುವ ಶಾಸ್ತ್ರಕ್ಕೆಂದು ಹೊರಡಬೇಕಿದ್ದ ಅತ್ತೆ ಈ ಸುದ್ದಿಗೆ ಬಂದರು. ಮೊಮ್ಮಗನ ಮುಖವನ್ನೇ ಅವರು ನೋಡಿರಲಿಲ್ಲ. ನನ್ನ ತಲೆ ನೇವರಿಸಿ, "ಎಸ್ರಿಲ್ದ ಕೂಸು ಕಣವ್ವ. ಲೆಕ್ಕಕ್ಕಿಲ್ಲ. ಮರ್ತುಬುಡು" ಎಂದರು. ಸಮಾಧಾನಕ್ಕೇ ಹೇಳಿದ್ದು. ಬಂದವರೆಲ್ಲರೂ ಅದನ್ನೇ ಹೇಳಿದರು. ಹಲ್ಲು ಬಾರದ ಕೂಸಿಗೆ ತಿಥಿಯಿಲ್ಲ, ಮಹಾಲಯ ಅಮಾವಾಸ್ಯೆಗೆ ಎಡೆಯಿಲ್ಲ. ಕುಡಿದು ಸತ್ತ ಚಿಕ್ಕಮಾವನಿಗೂ ನಮ್ಮ ಮನೆಯಲ್ಲಿ ವರ್ಷಕ್ಕೊಮ್ಮೆ ಪಂಚೆ, ವಡೆ, ಬೀಡಿಕಟ್ಟು ಇಡುತ್ತಾರೆ. ನನ್ನ ಮಗನಿಗೆ ಒಂದು ಲೋಟ ಹಾಲೂ ಇಲ್ಲ. ಲೆಕ್ಕಕ್ಕಿಲ್ಲ ಎಂಬ ಆ ಮಾತು ಅಂದು ನನ್ನ ಎದೆಯಲ್ಲಿ ಚುಚ್ಚಿಕೊಂಡದ್ದು ಇಂದಿಗೂ ಕೀಳಲು ಬಂದಿಲ್ಲ.

ಇಂಥ ತೊಟ್ಟಿಲನ್ನು ಮನೆಯಲ್ಲಿಟ್ಟುಕೊಳ್ಳಬಾರದು, ಒಡೆದು ಒಲೆಗೆ ಹಾಕು ಎಂದು ಹಿರಿಯರು ಅಪ್ಪನಿಗೆ ಹೇಳಿದ್ದರು. ಮರುವರ್ಷ ನಾನು ತವರಿಗೆ ಹೋದಾಗ ಗೋಣಿಚೀಲಗಳ ಹಿಂದೆ ಅದರ ಒಂದು ಬಣ್ಣದ ಗೂಟ ಕಾಣಿಸಿತು. ಅಪ್ಪ ತಲೆ ತಗ್ಗಿಸಿದ. "ಎಂತೆಂತದೋ ಒಡ್ದಿವ್ನಿ ಕಣವ್ವ. ಇದ್ಕೆ ಕೈಯೇ ಬರ್ನಿಲ್ಲ" ಎಂದ. ನಾನು ಅಳಲಿಲ್ಲ. "ನಂಗೆ ಬೇಕು" ಎಂದೆ. ಆ ಮಧ್ಯಾಹ್ನವೆಲ್ಲ ಇಬ್ಬರೂ ಸೇರಿ ರಾಶಿ ಕೆದಕಿದೆವು. ತುಕ್ಕು ಹಿಡಿದ ಹೊಲಿಗೆ ಮೆಷಿನ್ನಿನ ಸ್ಟ್ಯಾಂಡು, ಒಂದು ಸೈಕಲ್ ಚಕ್ರ, ಚೈನು, ನೀರಿನ ಪೈಪು, ಎಣ್ಣೆ ಡಬ್ಬಗಳು. ಎಲ್ಲವನ್ನೂ ಲಗೇಜ್ ಆಟೋಗೆ ಹೇರಿಕೊಂಡು ನಾನು ಹೆಡತಲೆಗೆ ಬಂದೆ. ಸೊಸೆ ತವರಿನಿಂದ ಬಳೆ, ಸೀರೆ ತರುವುದನ್ನು ಊರು ನೋಡಿತ್ತು. ಗುಜರಿ ತಂದವಳನ್ನು ನೋಡಿದ್ದು ಅದೇ ಮೊದಲು.

ಹೊಲಿಗೆ ಮೆಷಿನ್ನನ್ನು ಕಾಲಿನಲ್ಲಿ ತುಳಿದರೆ ಚಕ್ರ ತಿರುಗುತ್ತದೆ. ನಾನು ಅದನ್ನು ತಿರುಗುಮುರುಗು ಮಾಡಿದೆ. ಹಿತ್ತಲ ಮಾಡಿನ ತೊಲೆಗೆ ತೊಟ್ಟಿಲು ತೂಗುಹಾಕಿ, ಪಕ್ಕದಲ್ಲಿ ಪೈಪು ನೆಟ್ಟು, ಅದರ ತುದಿಗೆ ತಗಡಿನ ರೆಕ್ಕೆ ಕಟ್ಟಿದ ಸೈಕಲ್ ಚಕ್ರ ಕೂರಿಸಿದೆ. ಗಾಳಿಗೆ ಅದು ತಿರುಗಿದರೆ ಚೈನು ಎಳೆದು ಕೆಳಗಿನ ಮೆಷಿನ್ ಚಕ್ರ ತಿರುಗಬೇಕು, ಆ ಚಕ್ರದ ಕಡ್ಡಿ ಹಿಂದೆ ಮುಂದೆ ಆಡಿ ತೊಟ್ಟಿಲನ್ನು ತೂಗಬೇಕು. ತೊಟ್ಟಿಲಿನ ಅಂಚಿಗೆ ಒಳಲೆಯನ್ನು ದಾರದಲ್ಲಿ ಕಟ್ಟಿದೆ. ತೂಗಿದಾಗಲೆಲ್ಲ ಅದು ಹಾಲಿನ ಪುಡಿಯ ಡಬ್ಬಕ್ಕೆ ತಾಗಿ ಟಿಣ್ ಎನ್ನಬೇಕು. ಮೊದಮೊದಲು ಚೈನು ಕಳಚಿ ಬೀಳುತ್ತಿತ್ತು. ಗಂಡ ಶಿಫ್ಟಿನಿಂದ ಬಂದವನು ಸ್ವಲ್ಪ ಹೊತ್ತು ನೋಡಿ, ಸ್ಪ್ಯಾನರ್ ತಂದು ಬೋಲ್ಟು ಬಿಗಿ ಮಾಡಿಕೊಟ್ಟ. ಮಾರನೆಯ ದಿನ ಜೇಬಿನಲ್ಲಿ ಒಂದು ಮುದ್ದೆ ಗ್ರೀಸು ತಂದ. ಅವನು ಅಳುವುದು ಹಾಗೆಯೇ ಎಂದು ನನಗೆ ಆಮೇಲೆ ಅರ್ಥವಾಯಿತು.

ಆಷಾಢದ ಗಾಳಿಗೆ ಅದು ಮೊದಲ ಸಲ ತಾನಾಗಿ ಆಡಿತು. ಹಿತ್ತಲ ಬಾಗಿಲಲ್ಲಿ ಸೊಪ್ಪು ಬಿಡಿಸುತ್ತಿದ್ದ ಅತ್ತೆ ಮೊರವನ್ನು ಹಾಗೇ ಬಿಟ್ಟು ಎದ್ದರು.

"ಲೇ ಅಮ್ಮಿ, ಬರೀ ತೊಟ್ಲು ತೂಗ್ಬಾರ್ದು ಕಣೇ!"

"ನಾನೆಲ್ಲಿ ತೂಗ್ತಾ ಇವ್ನಿ ಅತ್ತೆ? ಗಾಳಿ ತೂಗ್ತಾ ಅದೆ" ಎಂದೆ.

"ಕಟ್ದೋಳು ನೀನಲ್ವಾ? ಮುಂದ್ಕೆ ಉಟ್ಟೋ ಕೂಸಿಗೆ ಏನಾರ ಆದ್ರೆ?"

"ಇಂದ್ಕೆ ಉಟ್ದೋನ್ಗೆ ಆಗೋದೆಲ್ಲ ಆಯ್ತಲ್ಲ. ಆಗ ಯಾರು ತೂಗಿದ್ರು?" ಎಂದು ಕೇಳಿದೆ. ಅವರು ಮೊರ ಎತ್ತಿಕೊಂಡು ಒಳಗೆ ಹೋದರು.

ಊರ ಬಾಯಿಗೆ ಮುಚ್ಚಳವಿಲ್ಲ. ಬಾಣಂತಿ ಸನ್ನಿ ಎಂದರು, ಗುಜರಿಯವನ ಮಗಳ ಬುದ್ಧಿ ಇನ್ನೆಲ್ಲಿಗೆ ಹೋಗುತ್ತದೆ ಎಂದರು. ಬಸುರಿಯರು ನಮ್ಮ ಹಿತ್ತಲಿನ ದಾರಿ ಬಿಟ್ಟು ಸುತ್ತಿಕೊಂಡು ಹೋದರು. ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರೊಬ್ಬರು ಮಾತ್ರ ಸೈಕಲ್ ನಿಲ್ಲಿಸಿ ಬಹಳ ಹೊತ್ತು ನೋಡಿದರು.

"ಇದು ಶಿಲ್ಪ ಕಣಮ್ಮ. ಅಲ್ಲಾಡೋ ಶಿಲ್ಪ. ಹೊರದೇಶದಲ್ಲಿ ಇಂಥವನ್ನ ಕಟ್ಟಿ ಪ್ರದರ್ಶನ ಮಾಡ್ತಾರೆ. ಇದಕ್ಕೊಂದು ಹೆಸರಿಟ್ಟರೆ ಚೆನ್ನಾಗಿರುತ್ತೆ" ಎಂದರು.

"ಎಸ್ರಿಡಕೆ ಬುಡ್ನಿಲ್ಲ ಸಾ" ಎಂದೆ. ಪಾಪ, ಅವರಿಗೆ ತಿಳಿಯಲಿಲ್ಲ. ತಲೆಯಾಡಿಸಿ ಹೊರಟುಹೋದರು.

ಶಿಲ್ಪ ಎಂದರೆ ನನಗೆ ಗೊತ್ತಿದ್ದದ್ದು ಸೋಮನಾಥಪುರ ಒಂದೇ. ನರಸೀಪುರದ ಶಾಲೆಯವರು ಟೂರು ಎಂದರೆ ಅಲ್ಲಿಗೇ ಕರೆದೊಯ್ಯುತ್ತಿದ್ದರು. ವಿಗ್ರಹ ಭಿನ್ನವಾಗಿದೆ, ಅದಕ್ಕೇ ಇಲ್ಲಿ ಪೂಜೆಯಿಲ್ಲ ಎಂದು ಪ್ರತಿ ಸಲವೂ ಹೇಳುತ್ತಿದ್ದರು. ಪೂಜೆಯಿಲ್ಲದಿದ್ದರೂ ಎಲ್ಲೆಲ್ಲಿಂದಲೋ ಜನ ಬಂದು ಆ ಮೂಗು ಮುರಿದ, ಕೈ ಹೋದ ಕಲ್ಲುಗಳನ್ನು ಕಣ್ತುಂಬ ನೋಡಿ ಹೋಗುತ್ತಿದ್ದರು. ತಿಥಿಯಿಲ್ಲದ ಕೂಸನ್ನು ನಾನೊಬ್ಬಳು ನೋಡಿದರೆ ಯಾರ ಮನೆ ಗಂಟು ಹೋಗುತ್ತದೆ?

ಮತ್ತೆ ಬಸುರಾದೆ. ಅತ್ತೆ ಮೊದಲು ಬೇಡಿಕೊಂಡರು, ಆಮೇಲೆ ಬೈದರು, ಕೊನೆಗೆ ದೇವರಿಗೆ ಹರಕೆ ಹೊತ್ತರು. ಬಿಚ್ಚು ಎಂದರೆ ಬಿಚ್ಚುವುದಿಲ್ಲ ಎಂದೆ. ನನ್ನ ಹಟಕ್ಕೆ ಒಂದೇ ಕಾರಣ. ಆ ಒಳಲೆ ಟಿಣ್ ಎನ್ನುವಷ್ಟು ಹೊತ್ತು ಅವನು ಹುಟ್ಟಿದ್ದು ಸುಳ್ಳಾಗುವುದಿಲ್ಲ. ಅದು ನಿಂತರೆ ಈ ಲೋಕದಲ್ಲಿ ಅವನ ಗುರುತು ಏನೆಂದರೆ ಏನೂ ಉಳಿಯುವುದಿಲ್ಲ. ಫೋಟೋ ಇಲ್ಲ, ಗೋರಿ ಇಲ್ಲ, ಹೆಸರಿಲ್ಲ.

ಹೆಣ್ಣು ಹುಟ್ಟಿತು. ಗುಂಡುಗುಂಡಗೆ, ಗಟ್ಟಿ ದನಿಯ ಕೂಸು. ಬೇರೆ ತೊಟ್ಟಿಲು ತಂದು ಶಾಸ್ತ್ರವೂ ಮಾಡಿದರು, ಹೆಸರೂ ಬಿತ್ತು. ಅಂಬೆಗಾಲಿಡುವ ಹೊತ್ತಿಗೆ ಒಂದು ದಿನ ಮೈ ಕಾದ ಹಂಚಿನಂತಾಗಿ, ಕಣ್ಣು ಮೇಲೆ ಸಿಕ್ಕಿಸಿಕೊಂಡು ಬಿಟ್ಟಿತು. ನಂಜನಗೂಡಿನ ಆಸ್ಪತ್ರೆಗೆ ಸೇರಿಸಿದೆವು. ಅತ್ತೆ ಗಂಜಿ ತಂದವರು ಮಂಚದ ಪಕ್ಕ ನಿಂತು, "ಈಗ್ಲಾದ್ರೂ ಬಿಚ್ಚಮ್ಮಿ. ನಿನ್ ಕಾಲ್ ಇಡ್ಕತೀನಿ" ಎಂದರು. ನಾನು ಕೂಸಿನ ಮುಖ ನೋಡುತ್ತಾ ಕೂತೆ. ನನಗೆ ಭಯವಾಗಿತ್ತು. ಸುಳ್ಳು ಯಾಕೆ ಹೇಳಲಿ, ಪ್ರಾಣ ಹೋಗುವಷ್ಟು ಭಯವಾಗಿತ್ತು. ಒಬ್ಬನ ನೆನಪಿಗಾಗಿ ಇನ್ನೊಬ್ಬಳನ್ನು ಪಣಕ್ಕಿಟ್ಟೆನೇ? ಆದರೂ ಬಾಯಿಂದ ಆಗಲಿ ಎಂಬ ಮಾತು ಬರಲಿಲ್ಲ.

ಮಾರನೆಯ ದಿನ ಜ್ವರ ಬಿಟ್ಟಿತು. ಕೂಸು ನನ್ನ ಮೂಗು ಹಿಡಿದು ನಕ್ಕಿತು.

ಬಸ್ಸಿಳಿದು ಮನೆಗೆ ಬಂದರೆ ಗಾಳಿ ಬೀಸುತ್ತಿದೆ, ಹಿತ್ತಲಿನಿಂದ ಸದ್ದಿಲ್ಲ. ಹೋಗಿ ನೋಡಿದೆ. ಹಸು ಕಟ್ಟುವ ಹಗ್ಗದಲ್ಲಿ ಚಕ್ರವನ್ನು ಪೈಪಿಗೆ ಬಿಗಿದಿದ್ದರು, ತೊಟ್ಟಿಲನ್ನು ಸ್ಟ್ಯಾಂಡಿಗೆ ಸುತ್ತಿ ಸುತ್ತಿ ಕಟ್ಟಿದ್ದರು. ಆ ಗಂಟು ನನಗೆ ಗೊತ್ತು. ಗಂಡನ ಗಂಟು. ಅವನು ಬಾಗಿಲಲ್ಲಿ ನಿಂತು, "ನಂಗೂ ಭಯ ಆಯ್ತಮ್ಮಿ. ಅವ್ನು ನಂಗೂ ಮಗ್ನೇ. ಇವ್ಳೂ ಮಗ್ಳೇ ಅಲ್ವಾ?" ಎಂದ. ಕೂಸನ್ನು ನೋಡಲು ಬಂದ ಅಕ್ಕಪಕ್ಕದವರ ಮುಖದಲ್ಲಿ ಒಂದೇ ಸಂತೋಷ. "ನೋಡ್ದಾ? ಕಟ್ಟುದ್ ಮಾರ್ನೆ ದಿನ್ವೇ ಜ್ವರ ಬುಡ್ತು!"

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗಿತ್ತು. ಇನ್ನು ಆ ಹಗ್ಗವನ್ನು ಬ್ರಹ್ಮ ಬಂದರೂ ಬಿಚ್ಚಿಸುವಂತಿರಲಿಲ್ಲ. ಸುಮ್ಮನಿದ್ದುಬಿಡುವುದು ಬಹಳ ಸುಲಭವಿತ್ತು. ಕೂಸು ಬದುಕಿದೆ, ಗಂಡ ಪಕ್ಕದಲ್ಲಿದ್ದಾನೆ, ಅತ್ತೆಯ ಮುಖದಲ್ಲಿ ನೆಮ್ಮದಿ. ಆದರೆ ನಾನು ಸುಮ್ಮನಾದರೆ ಆ ಜ್ವರವನ್ನು ತಂದವನು ನನ್ನ ಮಗನೇ ಎಂದು ಒಪ್ಪಿಕೊಂಡ ಹಾಗೆ. ಕಣ್ಣು ಬಿಟ್ಟು ಒಂದು ಮಾತಾಡದೆ ಹೋದ ಕೂಸು, ತಂಗಿಯನ್ನು ಹಿಡಿಯಲು ಬಂದ ಪೀಡೆ ಎಂದು ಒಪ್ಪಿಕೊಂಡ ಹಾಗೆ. ಲೆಕ್ಕಕ್ಕಿಲ್ಲ ಎಂದದ್ದನ್ನಾದರೂ ಸಹಿಸಿದ್ದೆ. ಇದನ್ನು ಸಹಿಸಲಾರದೆ ಹೋದೆ.

ಮಗಳನ್ನು ಗಂಡನ ಕೈಗೆ ಕೊಟ್ಟೆ. ಮಾಡಿನಿಂದ ಕುಡುಗೋಲು ಎಳೆದುಕೊಂಡು ಅಷ್ಟೂ ಜನರ ಎದುರಿಗೆ ಹಗ್ಗ ಕೊಯ್ದೆ. ಹಗ್ಗದ ಜೊತೆ ಹೆಬ್ಬೆರಳೂ ಕೊಯ್ದುಕೊಂಡಿತು. "ನನ್ ಮಗ ಯಾರ್ನೂ ಇಡಿಯಕಿಲ್ಲ. ಇನ್ನೊಂದ್ಸಲ ಅಂದ್ರೆ ನಾಲ್ಗೆ ಕೊಯ್ತೀನಿ" ಎಂದೆ. ಚಕ್ರ ಒಂದು ಕ್ಷಣ ತಡವರಿಸಿ ತಿರುಗಿತು. ಟಿಣ್ ಎಂದಿತು. ಜನ ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು.

ಅತ್ತೆ ಮಾತು ಬಿಟ್ಟರು. ಮುದ್ದೆ ಇಡುತ್ತಿದ್ದರು, ನನ್ನ ಕಡೆ ನೋಡುತ್ತಿರಲಿಲ್ಲ. ನಾನು ಹೊರಗೆ ಹುಲಿಯ ಹಾಗೆ ಓಡಾಡಿಕೊಂಡಿದ್ದೆ, ಒಳಗೆ ಮಾತ್ರ ಗಳಿಗೆಗೊಮ್ಮೆ ಮಗಳ ಹಣೆ ಮುಟ್ಟಿ ನೋಡುತ್ತಿದ್ದೆ. ಒಮ್ಮೆ ಅವಳಿಗೆ ನೆಗಡಿಯಾದಾಗ ಕುಡುಗೋಲಿನ ಕಡೆ ನೋಡಲೂ ನನಗೆ ಧೈರ್ಯವಿರಲಿಲ್ಲ. ಹಟ ಮಾಡುವವರಿಗೆ ಭಯವಿರುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಹೀಗಿರುವಾಗ ಒಂದು ಮಧ್ಯಾಹ್ನ ಬಟ್ಟೆ ಒಗೆಯುತ್ತಿದ್ದೆ. ಗಾಳಿ ಚೆನ್ನಾಗಿಯೇ ಬೀಸುತ್ತಿತ್ತು. ಟಿಣ್ ಟಿಣ್ ಸದ್ದು ತಟ್ಟನೆ ನಿಂತಿತು. ಒದ್ದೆ ಕೈಯಲ್ಲೇ ಓಡಿದೆ. ಅತ್ತೆ ತೊಟ್ಟಿಲಿನ ಪಕ್ಕ ನಿಂತಿದ್ದರು. ಮೇಲೆ ಚಕ್ರ ತಿಣುಕುತ್ತಿದೆ, ತೊಟ್ಟಿಲು ಅಲುಗುತ್ತಿಲ್ಲ. ಒಳಗೆ ಏನೋ ಭಾರವಾದದ್ದು, ಅತ್ತೆಯ ಹಳೇ ಸೀರೆಯ ತುಂಡಿನಲ್ಲಿ ಸುತ್ತಿ ಮಲಗಿಸಿದ್ದು. ಎಳೆದು ನೋಡಿದೆ. ಗುಂಡುಕಲ್ಲು. ಮನೆಗೆ ಮಿಕ್ಸಿ ಬಂದ ಮೇಲೆ ಒರಳಿನ ಪಕ್ಕ ಧೂಳು ತಿನ್ನುತ್ತಾ ಬಿದ್ದಿದ್ದ ಗುಂಡುಕಲ್ಲು.

"ಅಗ್ಗ ಕಟ್ಟಿ ಆಗ್ನಿಲ್ಲ ಅಂತ ಕಲ್ಲಾಕ್ಬುಟ್ರಾ?" ಎಂದು ಕೂಗಿದೆ. ಕಲ್ಲನ್ನು ಎತ್ತಿ ಎಸೆಯಲು ಎರಡೂ ಕೈ ಹಾಕಿದೆ.

ಅತ್ತೆ ನನ್ನ ಮಣಿಕಟ್ಟು ಹಿಡಿದರು. ಎಷ್ಟೋ ದಿನದ ಮೇಲೆ ನನ್ನ ಮುಖ ನೋಡಿದರು.

"ಬರೀ ತೊಟ್ಲು ತೂಗ್ಬಾರ್ದು ಅಂದೆ ಕಣಮ್ಮಿ. ತೂಗ್ಬಾರ್ದು ಅಂದ್ನಾ?"

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ನಮ್ಮಲ್ಲಿ ಹೆಸರಿಡುವ ದಿನ ಕೂಸನ್ನು ತೊಟ್ಟಿಲಿಗೆ ಹಾಕುವ ಮುಂಚೆ ಗುಂಡುಕಲ್ಲಿಗೆ ಬಟ್ಟೆ ಸುತ್ತಿ, ಅರಿಶಿನ ಕುಂಕುಮ ಹಚ್ಚಿ, ಕೂಸಿನ ಹಾಗೆ ಮಲಗಿಸಿ ತೂಗುತ್ತಾರೆ. ಕಲ್ಲಿನಷ್ಟು ಗಟ್ಟಿಯಾಗಿ ಬಾಳಲಿ ಎಂದು. ಅದಾದ ಮೇಲೆ ಕೂಸು. ಬಗ್ಗಿ ನೋಡಿದೆ. ಸೀರೆ ತುಂಡಿನೊಳಗೆ ಕಲ್ಲಿಗೆ ಅರಿಶಿನ ಹಚ್ಚಿತ್ತು, ಮೇಲ್ಗಡೆ ಒಂದು ಕುಂಕುಮದ ಬೊಟ್ಟು. ಕೆನ್ನೆಯ ಜಾಗದಲ್ಲಿ ದೃಷ್ಟಿಗೆಂದು ಕಾಡಿಗೆಯ ಚುಕ್ಕೆಯನ್ನೂ ಇಟ್ಟಿದ್ದರು.

"ನಾ ಅವ್ನ ಮಕ ನೋಡ್ನಿಲ್ಲ" ಎಂದರು ಅತ್ತೆ. ನಾನು ಎಳೆದ ಸೀರೆ ತುಂಡನ್ನು ಮತ್ತೆ ಸರಿಯಾಗಿ ಹೊದಿಸಿದರು. "ಎಸ್ರು ಏನ್ ಅನ್ಕಂಡಿದ್ದೆ?"

ಹೇಳಲು ಬಾಯಿ ತೆರೆದೆ. ಅವರು ಕೈ ಅಡ್ಡ ಹಿಡಿದರು. "ನಂಗಲ್ಲ. ಕೂಸಿನ್ ಕಿವೀಗೆ ಏಳು. ಸೋದ್ರತ್ತೆ ಏಳ್ಬೇಕು, ನಮ್ಗೆ ಎಣ್ಮಗ್ಳಿಲ್ಲ. ನೀನೇ ಏಳು."

ನಾನು ತೊಟ್ಟಿಲಿನೊಳಕ್ಕೆ ಬಗ್ಗಿದೆ. ಕಲ್ಲು ತಣ್ಣಗಿತ್ತು, ಅರಿಶಿನದ ವಾಸನೆ ಬರುತ್ತಿತ್ತು. ಒಂದು ಕೈಯಿಂದ ಮರೆ ಮಾಡಿಕೊಂಡು ಹೆಸರು ಹೇಳಿದೆ. ಶಾಸ್ತ್ರದಂತೆ ಮೂರು ಸಲ. ಮಗ ಸತ್ತ ಮೇಲೆ ಜೋರಾಗಿ ಅತ್ತದ್ದು ಅವತ್ತೇ. ಅತ್ತೆ ತೊಟ್ಟಿಲಿನ ಚೈನಿಗೆ ಕೈ ಹಚ್ಚಿ ತಾವೇ ಮೊದಲ ತೂಗು ತೂಗಿದರು. ಒಳಲೆ ಟಿಣ್ ಎಂದಿತು.

ಅಷ್ಟು ಭಾರವನ್ನು ಹಳೇ ರೆಕ್ಕೆಗಳು ಎಳೆಯಲಿಲ್ಲ. ಗಂಡ ತಾಂಡ್ಯದ ಕಡೆಯ ಗುಜರಿಯಿಂದ ಒಂದು ಡ್ರಮ್ಮಿನ ತಗಡು ತಂದ. ನಾನು ಅಗಲವಾದ ರೆಕ್ಕೆ ಕತ್ತರಿಸಿದೆ, ಅವನು ಬೋಲ್ಟು ಹಾಕಿದ. ಈಗ ಅದು ಮೊದಲಿನ ಹಾಗೆ ಚಟಪಟ ಆಡುವುದಿಲ್ಲ, ನಿಧಾನಕ್ಕೆ ತೂಗುತ್ತದೆ, ಗಾಳಿ ನಿಂತ ಮೇಲೂ ಸ್ವಲ್ಪ ಹೊತ್ತು ತೂಗುತ್ತದೆ. ನಾನು ಗೆದ್ದೆನೋ ಅತ್ತೆಯ ಶಾಸ್ತ್ರ ಗೆದ್ದಿತೋ ಎಂದು ಊರವರು ಕೇಳುತ್ತಾರೆ. ಕೇಳಲಿ. ಕೆಮ್ಮುವವರು ಇನ್ನೂ ಕೆಮ್ಮುತ್ತಾರೆ.

ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದು ನನಗೆ ಗೊತ್ತು, ಕಲ್ಲಿಗೆ ಗೊತ್ತು. ಲೆಕ್ಕಕ್ಕಿಲ್ಲ ಎಂದವರಿಗೆ ಹೆಸರು ಯಾಕೆ? ಅವರು ಲೆಕ್ಕವನ್ನಷ್ಟೇ ಕೇಳಿಸಿಕೊಳ್ಳಲಿ. ನನಗೆ ಇಬ್ಬರು ಮಕ್ಕಳು.